ಹಳೆ ಸೂಜಿ, ಹೊಸ ಸೂಜಿ



ಬೀದರ ಜಿಲ್ಲೆಯ ಈ ಸೀಮೆಯಲ್ಲಿ ಜ್ವರ ಬಂದು ಮಲಗಿದವರನ್ನು ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಸೂಜಿ ಮಾಡಿಸೀರೇನು?’ ಬರಿಯ ಗುಳಿಗೆ ಕೊಟ್ಟು ಕಳಿಸಿದ ಡಾಕ್ಟರರ ಕೈಗುಣದ ಮೇಲೆ ಜನಕ್ಕೆ ನಂಬಿಕೆ ಕಡಿಮೆ. ಸೂಜಿ ಮಾಡಿ, ಒಂದು ಸಲೈನ್ ಬಾಟಲಿ ಹಚ್ಚಿದವರು ಬಲ್ಲವರು. ಇದನ್ನು ಹಳ್ಳಿಗರ ಅಜ್ಞಾನವೆಂದು ಪಟ್ಟಣದವರು ನಗುವುದುಂಟು. ಆದರೆ ತೊಗರಿಯ ರಾಶಿ ಕಣದಲ್ಲಿರುವಾಗ, ಕಬ್ಬಿನ ಕಟಾವು ನಡೆದಿರುವಾಗ, ಒಂದು ದಿನದ ಕೂಲಿ ತಪ್ಪಿದರೆ ಮನೆಯ ಲೆಕ್ಕವೇ ತಪ್ಪುವ ಮನುಷ್ಯನಿಗೆ ನಾಳೆಯೇ ಎದ್ದು ನಿಲ್ಲಿಸುವ ಔಷಧ ಬೇಕೆನಿಸುವುದು ಸಹಜ. ಆ ಆಸೆಗೆ ಒಂದು ಇತಿಹಾಸವಿದೆ, ಒಂದು ಬೆಲೆಯೂ ಇದೆ. ಆ ಬೆಲೆಯನ್ನು ಅರಿಯುವುದೇ ಇಂದಿನ ಮಾತಿನ ಉದ್ದೇಶ.

ಜಗತ್ತಿನ ಹಲವು ದೇಶಗಳಲ್ಲಿ ‘ಸೂಜಿ ವಿನಿಮಯ’ ಎಂಬ ಕಾರ್ಯಕ್ರಮ ನಡೆದಿದೆ. ಮಾದಕ ದ್ರವ್ಯವನ್ನು ನರಕ್ಕೆ ಚುಚ್ಚಿಕೊಳ್ಳುವ ಚಟವುಳ್ಳವರು ಬಳಸಿದ ಸೂಜಿಯನ್ನು ತಂದೊಪ್ಪಿಸುತ್ತಾರೆ, ಬದಲಿಗೆ ಹೊಸ ಸೂಜಿಯನ್ನು ಒಯ್ಯುತ್ತಾರೆ. ಇದಕ್ಕೂ ಕೊಹಿನೂರಕ್ಕೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸಬಹುದು. ಸಂಬಂಧವಿದೆ. ಸೂಜಿಗೆ ಊರು, ಜಾತಿ, ಗುಣ, ಅವಗುಣ ಯಾವುದೂ ತಿಳಿಯದು. ಚಟಗಾರನ ಕೈಯಲ್ಲಿದ್ದರೂ ವೈದ್ಯನ ಕೈಯಲ್ಲಿದ್ದರೂ ಹಳೆಯ ಸೂಜಿ ಮಾಡುವ ಕೆಲಸ ಒಂದೇ. ಒಬ್ಬರ ರಕ್ತವನ್ನು ಇನ್ನೊಬ್ಬರ ಮೈಗೆ ಮುಟ್ಟಿಸುತ್ತದೆ.

ಟೊಳ್ಳು ಸೂಜಿಯ ಹುಟ್ಟು

ಸೂಜಿ ಈ ನೆಲಕ್ಕೆ ಹೊಸದಲ್ಲ. ಕೌದಿ ಹೊಲಿಯುವ ಸೂಜಿ, ಚೀಲ ಹೊಲಿಯುವ ದಬ್ಬಣ, ಕೂಸಿನ ಕಿವಿ ಚುಚ್ಚುವ ಪತ್ತಾರರ ಚಿನ್ನದ ತಂತಿ, ಕೊರವರ ಹೆಣ್ಣುಮಕ್ಕಳು ಹಚ್ಚೆ ಹಾಕುವ ಸೂಜಿಯ ಕಟ್ಟು, ಇವೆಲ್ಲ ತಲೆತಲಾಂತರದಿಂದ ಬಂದವು. ಆದರೆ ಒಳಗೆ ಟೊಳ್ಳಿರುವ, ಔಷಧವನ್ನು ಚರ್ಮದ ಕೆಳಗೆ ಇಳಿಸುವ ಸೂಜಿ ಹೊಸದು. 1853ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವೈದ್ಯ ಅಲೆಕ್ಸಾಂಡರ್ ವುಡ್, ಫ್ರಾನ್ಸಿನ ಲಿಯಾನ್ ನಗರದ ಷಾರ್ಲ್ ಪ್ರವಾಝ್, ಇಬ್ಬರೂ ಬೇರೆಬೇರೆಯಾಗಿ ಇಂಥ ಸಾಧನವನ್ನು ಬಳಕೆಗೆ ತಂದರು. ವುಡ್ ಅದರಿಂದ ನೋವಿನ ರೋಗಿಗಳಿಗೆ ಅಫೀಮಿನ ಸತ್ವವನ್ನು ಚುಚ್ಚಿದನು. ಔಷಧದ ಸೂಜಿಯೂ ಮಾದಕದ ಸೂಜಿಯೂ ಹೀಗೆ ಒಂದೇ ತೊಟ್ಟಿಲಲ್ಲಿ ಹುಟ್ಟಿದವು. ಎಡಿನ್‌ಬರೋ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಬೇಕು, ಈ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಸೂಜಿಗೆ ಜನಮನದಲ್ಲಿ ದೊಡ್ಡ ಸ್ಥಾನ ದೊರಕಿದ್ದು ಎರಡನೆಯ ಮಹಾಯುದ್ಧದ ಬಳಿಕ, ಪೆನಿಸಿಲಿನ್ ಬಂದಾಗ. ವರ್ಷಗಟ್ಟಲೆ ಕೀವು ಸೋರುತ್ತಿದ್ದ ಹುಣ್ಣುಗಳು ಒಂದೆರಡು ಚುಚ್ಚಿನಲ್ಲಿ ಮಾಯ್ದವು. 1950ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ ಬಡ ದೇಶಗಳಲ್ಲಿ ‘ಯಾಸ್’ ಎಂಬ ಚರ್ಮರೋಗವನ್ನು ಒಂದೊಂದೇ ಪೆನಿಸಿಲಿನ್ ಸೂಜಿಯಿಂದ ಅಟ್ಟಿದವು. 1954ರಲ್ಲಿ ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಪುಣೆಯಿಂದ ಸೋಲಾಪುರ, ಹುಮನಾಬಾದ್ ಮೂಲಕ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಒಂದು ತುದಿಯಲ್ಲೇ ಆ ಔಷಧ ತಯಾರಾಗತೊಡಗಿತು. ಸಾಯುವ ಕೂಸು ಸೂಜಿಯಿಂದ ಬದುಕಿದ್ದನ್ನು ಕಣ್ಣಾರೆ ಕಂಡ ಅಜ್ಜ, ಅಜ್ಜಿಯರ ನಂಬಿಕೆಯೇ ಮೊಮ್ಮಕ್ಕಳಿಗೆ ಬಂದಿದೆ. ನಂಬಿಕೆ ಸುಳ್ಳಲ್ಲ. ಆದರೆ ಪೆನಿಸಿಲಿನ್‌ಗೆ ಸಲ್ಲಬೇಕಾದ ಗೌರವ ಸೂಜಿಗೆ ಸಂದಿತು.

ರಕ್ತ ಒಯ್ಯುವ ರೋಗಗಳು

ಸೂಜಿ ಉಪಕಾರದ ಜೊತೆಗೆ ಅಪಕಾರವನ್ನೂ ಮಾಡಬಲ್ಲದೆಂಬ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1883ರಲ್ಲಿ ಜರ್ಮನಿಯ ಬ್ರೆಮೆನ್ ನಗರದ ಹಡಗು ಕಟ್ಟೆಯ 1289 ಕೆಲಸಗಾರರಿಗೆ ಸಿಡುಬಿನ ಲಸಿಕೆ ಹಾಕಲಾಯಿತು. ಆ ಲಸಿಕೆಯ ರಸವನ್ನು ಬೇರೆ ಮನುಷ್ಯರ ಮೈಯಿಂದಲೇ ತೆಗೆಯಲಾಗಿತ್ತು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 191 ಜನರಿಗೆ ಕಾಮಾಲೆ, ಈ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಕಾಮಣಿ, ಬಂದಿತು. ಆ ರಸ ತಗಲದವರಿಗೆ ಬರಲಿಲ್ಲ. ಲ್ಯೂರ್ಮನ್ ಎಂಬ ವೈದ್ಯಾಧಿಕಾರಿ 1885ರಲ್ಲಿ ಇದನ್ನು ಬರೆದಿಟ್ಟನು. ಕಾರಣವಾದ ವೈರಾಣು ಯಾವುದೆಂದು ತಿಳಿಯಲು ಇನ್ನೂ 80 ವರ್ಷ ಬೇಕಾಯಿತು. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಒಂದು ವಸ್ತುವೇ ಹೆಪಟೈಟಿಸ್ ಬಿ ವೈರಾಣುವಿನ ಹೊರಗವಚವೆಂದು ಸಿದ್ಧವಾಯಿತು. 1976ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. 1983ರಲ್ಲಿ ಎಚ್‌ಐವಿ, 1989ರಲ್ಲಿ ಹೆಪಟೈಟಿಸ್ ಸಿ ವೈರಾಣು ಪತ್ತೆಯಾದವು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮಳೆಗಾಲದಲ್ಲಿ ಕೊಳೆ ನೀರಿನಿಂದ ಬರುವ ಕಾಮಣಿ ಬೇರೆ, ರಕ್ತದಿಂದ ಬರುವ ಕಾಮಣಿ ಬೇರೆ. ನೀರಿನದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ರಕ್ತದ್ದು ಹಲವರಲ್ಲಿ ಕಣ್ಣು ಹಳದಿಯಾಗದೆಯೇ ಯಕೃತ್ತಿನೊಳಗೆ ಸೇರಿಕೊಂಡು, ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿಸಿ ಇಲ್ಲವೆ ಅರ್ಬುದವಾಗಿ ಹೊರಬೀಳುತ್ತದೆ. ಆಗ ‘ಕುಡಿಯುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ, ಹೇಗೆ ಬಂತು?’ ಎಂದು ಮನೆಯವರು ಬೆರಗಾಗುತ್ತಾರೆ. ಬಾಲ್ಯದ ಯಾವುದೋ ಜ್ವರಕ್ಕೆ ಮಾಡಿಸಿದ ಸೂಜಿ ಯಾರಿಗೆ ನೆನಪಿರುತ್ತದೆ?

ರಕ್ತ ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಕಣ್ಣಿಗೆ ಕಾಣುವಷ್ಟು ಇರಬೇಕಿಲ್ಲ. ಮೈಯಿಂದ ಹೊರಬರುವಾಗ ಸೂಜಿಯ ತುದಿ ಒಂದಿಷ್ಟು ರಕ್ತವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅದು ಸಿರಿಂಜಿನ ನಳಿಗೆಯನ್ನೂ ಮುಟ್ಟುತ್ತದೆ. ಆದ್ದರಿಂದ ಸೂಜಿಯನ್ನು ಬದಲಿಸಿ ಸಿರಿಂಜನ್ನು ಹಾಗೆಯೇ ಉಳಿಸಿಕೊಂಡರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಕೂಡ 7 ದಿನ ಜೀವಂತವಿರಬಲ್ಲದು. ಸೋಂಕಿದವರಿಗೆ ಚುಚ್ಚಿದ ಸೂಜಿ ಆಕಸ್ಮಿಕವಾಗಿ ಚುಚ್ಚಿಕೊಂಡ ದಾದಿಯರು, ವೈದ್ಯರನ್ನು ಗಮನಿಸಿ ತಜ್ಞರು ಒಂದು ಲೆಕ್ಕ ಹಾಕಿದ್ದಾರೆ: ಲಸಿಕೆ ಪಡೆಯದ 100 ಜನರಲ್ಲಿ ಹೆಪಟೈಟಿಸ್ ಬಿ 30 ಜನರವರೆಗೆ ತಗಲಬಹುದು, ಹೆಪಟೈಟಿಸ್ ಸಿ ಸುಮಾರು 2 ಜನರಿಗೆ, ಎಚ್‌ಐವಿ 1000ದಲ್ಲಿ 3 ಜನರಿಗೆ. ಎಲ್ಲರೂ ಹೆಸರು ಕೇಳಿ ನಡುಗುವುದು ಎಚ್‌ಐವಿಗೆ. ಆದರೆ ಸೂಜಿಯ ದಾರಿಯಲ್ಲಿ ಅತಿ ಸುಲಭವಾಗಿ ಸಾಗುವುದು ಹೆಪಟೈಟಿಸ್ ಬಿ.

ಒಳ್ಳೆಯ ಉದ್ದೇಶದ ಸೂಜಿಯೂ ಎಷ್ಟು ಕೇಡು ತರಬಹುದೆಂಬುದಕ್ಕೆ ಈಜಿಪ್ಟ್ ದೇಶ ಸಾಕ್ಷಿ. ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ದುಡಿಯುವ ರೈತರಿಗೆ ಬರುತ್ತಿದ್ದ ಬಸವನಹುಳುವಿನ ಮೂಲದ ರೋಗವೊಂದನ್ನು ತೊಲಗಿಸಲು ಅಲ್ಲಿನ ಸರ್ಕಾರ 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಹಳ್ಳಿಹಳ್ಳಿಗಳಲ್ಲಿ ಔಷಧ ಚುಚ್ಚಿಸಿತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಒಬ್ಬರಾದ ಮೇಲೊಬ್ಬರಿಗೆ ಬಳಸಲಾಯಿತು. ಪರಿಣಾಮವಾಗಿ ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರುವ ದೇಶವೆಂಬ ಹೆಸರು ಈಜಿಪ್ಟಿಗೆ ಬಂದಿತು. ಮುಂದೆ ಅದೇ ದೇಶ ಕೋಟಿಗಟ್ಟಲೆ ಜನರ ರಕ್ತ ಪರೀಕ್ಷಿಸಿ, ಗುಳಿಗೆಯಿಂದಲೇ ಗುಣಪಡಿಸಿ, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೆಚ್ಚುಗೆ ಪಡೆಯಿತು. ಸೂಜಿಯಿಂದ ಹಬ್ಬಿದ್ದು ಕೊನೆಗೆ ಗುಳಿಗೆಯಿಂದ ಇಳಿಯಿತು.

ಎಡಿನ್‌ಬರೋದ ಪಾಠ

ಮತ್ತೆ ಎಡಿನ್‌ಬರೋಗೆ ಬರಬೇಕು. 1980ರ ದಶಕದ ಆರಂಭದಲ್ಲಿ ಆ ನಗರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರು ಹೆಚ್ಚಾದರು. ಅದನ್ನು ತಡೆಯಲು ಅಧಿಕಾರಿಗಳು ಹಿಡಿದದ್ದು, ಎಲ್ಲರಿಗೂ ಸರಿಯೆನಿಸುವ ದಾರಿಯನ್ನೇ. ಅಂಗಡಿಗಳಲ್ಲಿ ಸಿರಿಂಜು ಸಿಗದಂತೆ ಮಾಡಿದರು, ಪೊಲೀಸರು ಸಿರಿಂಜು ಕಂಡಲ್ಲಿ ಕಸಿದುಕೊಂಡರು. ಚಟ ನಿಲ್ಲಲಿಲ್ಲ. ಇದ್ದ ಒಂದೇ ಸಿರಿಂಜನ್ನು ಹತ್ತು ಜನ ಹಂಚಿಕೊಂಡರು. ಅಲ್ಲಿಯ ಒಬ್ಬ ವೈದ್ಯರು ತಮ್ಮಲ್ಲಿಗೆ ಬರುತ್ತಿದ್ದ ಇಂಥವರ ರಕ್ತವನ್ನು ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದ ವರದಿಯಂತೆ, ಅರ್ಧಕ್ಕಿಂತ ತುಸು ಹೆಚ್ಚು ಜನರಲ್ಲಿ ಎಚ್‌ಐವಿ ಇತ್ತು. ಕೆಲವೇ ಹರದಾರಿ ದೂರದ ಗ್ಲಾಸ್ಗೋ ನಗರದಲ್ಲೂ ಚಟಗಾರರು ಕಡಿಮೆಯಿರಲಿಲ್ಲ. ಆದರೂ ಸೋಂಕು ಮಾತ್ರ ಬಹಳ ಕಡಿಮೆಯಿತ್ತು. ಟೊಳ್ಳು ಸೂಜಿಯನ್ನು ಲೋಕಕ್ಕೆ ಕೊಟ್ಟ ನಗರವೇ ಸೂಜಿಯ ಅಭಾವದಿಂದ ಏನಾಗುತ್ತದೆಂಬುದನ್ನೂ ತೋರಿಸಿತು. 1986ರಲ್ಲಿ ಸರ್ಕಾರದ ಸಮಿತಿಯೊಂದು ಹೊಸ ಸೂಜಿ ಕೊಡಬೇಕೆಂದು ಶಿಫಾರಸು ಮಾಡಿತು.

ಆ ಹೊತ್ತಿಗೆ ಹಾಲೆಂಡಿನ ಆಮ್‌ಸ್ಟರ್‌ಡಾಂನಲ್ಲಿ ದಾರಿ ಸಿಕ್ಕಿತ್ತು. ಅಲ್ಲಿ ನಗರದ ನಡುವಿನ ಔಷಧದಂಗಡಿಯೊಂದು ಚಟಗಾರರಿಗೆ ಸಿರಿಂಜು ಮಾರುವುದನ್ನು ನಿಲ್ಲಿಸಿದಾಗ, ಹೆಪಟೈಟಿಸ್ ಬಿ ಹಬ್ಬೀತೆಂದು ಹೆದರಿದ ಚಟಗಾರರ ಸಂಘವೇ 1984ರಲ್ಲಿ ಸೂಜಿ ವಿನಿಮಯವನ್ನು ಶುರುಮಾಡಿತು. ನಗರಸಭೆಯ ಆರೋಗ್ಯ ಇಲಾಖೆ ಸೂಜಿ ಒದಗಿಸಿತು. ಈ ಕಾರ್ಯಕ್ರಮದ ಬೇರು ಹೀಗೆ ಏಡ್ಸ್ ಭಯದಲ್ಲಿಲ್ಲ, ಕಾಮಣಿಯ ಭಯದಲ್ಲಿದೆ.

‘ಚಟಗಾರನಿಗೆ ಸೂಜಿ ಕೊಡುವುದೆಂದರೆ ಕುಡುಕನಿಗೆ ಬಟ್ಟಲು ಕೊಟ್ಟಂತಲ್ಲವೆ?’ ಎಂಬುದು ಎಲ್ಲ ದೇಶಗಳಲ್ಲೂ ಎದ್ದ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಅಮೆರಿಕದ ನ್ಯೂ ಹೇವನ್ ನಗರ ಲೆಕ್ಕ ಹಾಕಿ ಕೊಟ್ಟಿತು. 1990ರಲ್ಲಿ ಅಲ್ಲಿ ವಿನಿಮಯ ಆರಂಭವಾದಾಗ ಪ್ರತಿಯೊಂದು ಸೂಜಿಗೂ ಒಂದು ಗುರುತು ಹಾಕಿ, ಮರಳಿ ಬಂದ ಸೂಜಿಗಳ ಒಳಗಿನ ರಕ್ತವನ್ನು ಪರೀಕ್ಷಿಸಲಾಯಿತು. ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಕಪ್ಲಾನ್ ಎಂಬ ಗಣಿತಜ್ಞ ಮಲೇರಿಯದ ಸೊಳ್ಳೆಯ ಲೆಕ್ಕವನ್ನೇ ಸೂಜಿಗೆ ಅನ್ವಯಿಸಿದನು. ಸೊಳ್ಳೆಯ ಆಯುಷ್ಯ ಕಡಿಮೆಯಾದರೆ ಅದು ಕಚ್ಚುವ ಜನರೂ ಕಡಿಮೆ. ಹಾಗೆಯೇ ಸೂಜಿ ಬೀದಿಯಲ್ಲಿ ಇರುವ ದಿನಗಳು ಕಡಿಮೆಯಾದರೆ ಅದು ಮುಟ್ಟುವ ಮೈಗಳೂ ಕಡಿಮೆ. ಹೊಸ ಸೋಂಕುಗಳು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿದವೆಂದು ಅವನ ಲೆಕ್ಕ ಹೇಳಿತು. ಇಲ್ಲಿ ನಿಜವಾದ ಕೆಲಸ ಹೊಸ ಸೂಜಿ ಕೊಡುವುದಷ್ಟೇ ಅಲ್ಲ. ಹಳೆಯ ಸೂಜಿಯನ್ನು ಚಲಾವಣೆಯಿಂದ ಹಿಂದೆಗೆಯುವುದು. ಕುಡುಕನ ಬಟ್ಟಲಿನಿಂದ ಪಕ್ಕದ ಮನೆಯವರಿಗೆ ರೋಗ ಬರುವುದಿಲ್ಲ. ಸೂಜಿಯಿಂದ ಅವನ ಹೆಂಡತಿಗೆ, ಹುಟ್ಟುವ ಕೂಸಿಗೆ, ಬೀದಿ ಗುಡಿಸುವವರ ಕೈಗೆ ಬರುತ್ತದೆ.

ಮಣಿಪುರದ ಅನುಭವ

ಭಾರತದಲ್ಲಿ ಈ ಪಾಠವನ್ನು ಮೊದಲು ಕಲಿತದ್ದು ಮಣಿಪುರ. ಮ್ಯಾನ್ಮಾರ್ ಗಡಿಯ ಈ ರಾಜ್ಯಕ್ಕೆ ಹೆರಾಯಿನ್ ಅಗ್ಗವಾಗಿ ಬರುತ್ತಿತ್ತು. 1989ರ ಸೆಪ್ಟೆಂಬರ್‌ವರೆಗೆ ಪರೀಕ್ಷಿಸಿದ ಚಟಗಾರರಲ್ಲಿ ಎಚ್‌ಐವಿ ಕಂಡಿರಲಿಲ್ಲ. ಸುಮಾರು ಆರು ತಿಂಗಳಲ್ಲಿ ಅದು ಅರ್ಧದಷ್ಟು ಜನರಲ್ಲಿ ಕಂಡಿತು. ಸೂಜಿ ಹಿಡಿದರೆ ಸೋಂಕು ಎಷ್ಟು ವೇಗವಾಗಿ ಓಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. 1990ರ ದಶಕದ ನಡುವೆ ಚುರಾಚಾಂದ್‌ಪುರದಲ್ಲಿ ‘ಶಾಲೋಮ್’ ಎಂಬ ಸಂಸ್ಥೆ ಸೂಜಿ ವಿನಿಮಯ ಶುರುಮಾಡಿತು. 1996ರಲ್ಲಿ ರಾಜ್ಯ ಸರ್ಕಾರವೇ ಇದನ್ನು ಒಪ್ಪುವ ಏಡ್ಸ್ ನೀತಿಯನ್ನು ಅಂಗೀಕರಿಸಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಚಟಗಾರರಲ್ಲಿ ಎಚ್‌ಐವಿ ಪ್ರಮಾಣ ಇಳಿಯಿತು. ಇಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಲ್ಲಿ ಸೂಜಿಯ ಜೊತೆಗೆ ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಗುಳಿಗೆಯನ್ನೂ ಕೊಡುತ್ತಾರೆ. ಅದರಿಂದ ಚುಚ್ಚಿಕೊಳ್ಳುವ ಅಗತ್ಯವೇ ತಪ್ಪುತ್ತದೆ. ಸೂಜಿ ತರಲು ಬಂದವನು ಹೀಗೆ ಚಿಕಿತ್ಸೆಯ ಬಾಗಿಲಿಗೂ ಬರುತ್ತಾನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿದೆ. ಸೋಂಕು ತಡೆಯಲು ಶುಭ್ರ ಸೂಜಿ ಕೊಡುವುದು ಅಪರಾಧವಲ್ಲವೆಂದು ಅದು ಸ್ಪಷ್ಟಪಡಿಸಿದೆ.

ಈ ಸೀಮೆಯ ಸೂಜಿ

ಕರ್ನಾಟಕದಲ್ಲಿ ಎಚ್‌ಐವಿ ಹಬ್ಬಿದ್ದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಕೂಸಿಗೆ. ಚಟದ ಸೂಜಿಯ ಪಾತ್ರ ಮಣಿಪುರದಷ್ಟಿಲ್ಲ. ಆದರೆ ವೈದ್ಯದ ಸೂಜಿ ಎಲ್ಲ ಹಳ್ಳಿಗಳಲ್ಲೂ ಇದೆ. 2000ದ ದಶಕದ ಆರಂಭದಲ್ಲಿ ದೇಶದಾದ್ಯಂತ ನಡೆದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಸೂಜಿ ಚುಚ್ಚಲಾಗುತ್ತಿತ್ತು. ಅವುಗಳಲ್ಲಿ ನೂರಕ್ಕೆ 63ರಷ್ಟು ಯಾವುದಾದರೊಂದು ಬಗೆಯಲ್ಲಿ ಅಸುರಕ್ಷಿತವಾಗಿದ್ದವು. ಸುಮಾರು ಮೂರನೆಯ ಒಂದು ಭಾಗ ರಕ್ತದ ರೋಗವನ್ನು ದಾಟಿಸಬಲ್ಲ ಸ್ಥಿತಿಯಲ್ಲಿದ್ದವು. 2000ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಅಸುರಕ್ಷಿತ ಸೂಜಿಯಿಂದ 2 ಕೋಟಿ 10 ಲಕ್ಷ ಜನರಿಗೆ ಹೆಪಟೈಟಿಸ್ ಬಿ, 20 ಲಕ್ಷ ಜನರಿಗೆ ಹೆಪಟೈಟಿಸ್ ಸಿ, 2 ಲಕ್ಷ 60 ಸಾವಿರ ಜನರಿಗೆ ಎಚ್‌ಐವಿ ತಗಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಇವರಲ್ಲಿ ಬಹುಪಾಲು ಜನ ಯಾವ ಚಟವೂ ಇಲ್ಲದವರು, ಗುಣವಾಗಲೆಂದು ಹೋದವರು.

2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ವೈದ್ಯರು ಸಿರಿಂಜುಗಳನ್ನು ಮತ್ತೆ ಬಳಸಿದ್ದೇ ಕಾರಣವೆಂದು ತಿಳಿಯಿತು. ಬಳಸಿದ ಸಿರಿಂಜು ಗುಜರಿಗೆ ಹೋಗಿ ಮತ್ತೆ ಮಾರಾಟಕ್ಕೆ ಬರುವ ದಂಧೆಯೂ ಆಗ ಬಯಲಾಯಿತು. 2018ರ ಆರಂಭದಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗರಮವು ಎಂಬಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಇರುವುದು ಬೆಳಕಿಗೆ ಬಂದಿತು. ಊರೂರು ತಿರುಗಿ ಅಗ್ಗದ ದರಕ್ಕೆ ಚಿಕಿತ್ಸೆ ಮಾಡುತ್ತಿದ್ದವನ ಒಂದೇ ಸಿರಿಂಜಿನ ಕಡೆಗೆ ಬೊಟ್ಟು ತೋರಿತು. ಮನೆ ಬಾಗಿಲಿಗೆ ಬಂದು, ಸಾಲ ಹೇಳಿದರೂ ಒಪ್ಪಿ ಸೂಜಿ ಮಾಡುವವನು ಬಡವರಿಗೆ ದೇವರಂತೆ ಕಾಣುತ್ತಾನೆ. ಅವನ ಚೀಲದಲ್ಲಿ ಎಷ್ಟು ಸಿರಿಂಜುಗಳಿವೆ ಎಂದು ಕೇಳುವುದು ಉಪಕಾರ ಮರೆತಂತೆ ಅಲ್ಲ.

ಡಾಕ್ಟರರ ಸೂಜಿಯ ಜೊತೆಗೆ ಊರಿನ ಬೇರೆ ಸೂಜಿ, ಕತ್ತಿಗಳ ಮೇಲೂ ಕಣ್ಣಿರಬೇಕು. ಹಿಂದೆ ಹಚ್ಚೆ ಹಾಕುವವರು ಬಿಡುವಾಗಿ ಒಂದು ಮನೆಯಲ್ಲಿ ಕುಳಿತು, ಕಾಡಿಗೆ ಅರೆದು ಚುಚ್ಚುತ್ತಿದ್ದರು. ಇಂದು ಜಾತ್ರೆಯಲ್ಲಿ ಬ್ಯಾಟರಿ ಯಂತ್ರ ಹಿಡಿದವನ ಮುಂದೆ ತರುಣರ ಸಾಲು ನಿಲ್ಲುತ್ತದೆ. ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲು, ಒರೆಸಲು ಒಂದೇ ಅರಿವೆ. ಕ್ಷೌರದ ಅಂಗಡಿಯಲ್ಲಿ ಹಳೆಯ ಬ್ಲೇಡು, ಗಾಯವಾದಲ್ಲಿ ಎಲ್ಲರ ಕೆನ್ನೆಗೂ ಸವರುವ ಒಂದೇ ಪಟಿಕದ ಹರಳು ಕೂಡ ಹೆಪಟೈಟಿಸ್ ಬಿಗೆ ದಾರಿಯಾಗಬಹುದು. ಇವುಗಳಿಂದ ಎಚ್‌ಐವಿ ಬರುವ ಸಂಭವ ತೀರ ಕಡಿಮೆ. ಭಯಪಟ್ಟು ಕ್ಷೌರಿಕರನ್ನು ದೂರ ಮಾಡಬೇಕಾದ ಕಾರಣವಿಲ್ಲ. ಹೊಸ ಬ್ಲೇಡಿಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟರೆ ಸಾಕು.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಮೊದಲನೆಯದು, ಸೂಜಿ ಬೇಕೇ ಎಂದು ಕೇಳುವುದು. ‘ಗುಳಿಗಿಯಿಂದಲೇ ಆಗ್ತದೇನ್ರಿ ಡಾಕ್ಟರ್ ಸಾಹೇಬ್ರೆ?’ ಎಂದು ರೋಗಿ ಕೇಳಿದರೆ ಒಳ್ಳೆಯ ವೈದ್ಯರಿಗೆ ಸಂತೋಷವೇ ಆಗುತ್ತದೆ. ಎಷ್ಟೋ ಸಲ ಅವರು ಸೂಜಿ ಮಾಡುವುದು ರೋಗಿಯ ಒತ್ತಾಯಕ್ಕೆ. ಎರಡನೆಯದು, ಸೂಜಿ ಬೇಕೇ ಬೇಕಾದರೆ ಸಿರಿಂಜಿನ ಹೊಸ ಪಾಕೀಟನ್ನು ಕಣ್ಣೆದುರಿಗೇ ಒಡೆಸುವುದು. ಒಮ್ಮೆ ಬಳಸಿದರೆ ತಾನೇ ಬಿಗಿದುಕೊಳ್ಳುವ, ಎರಡನೆಯ ಸಲ ಔಷಧ ಎಳೆಯಲು ಬಾರದ ಸಿರಿಂಜುಗಳು ಬಂದಿವೆ. ಮಕ್ಕಳ ಸರ್ಕಾರಿ ಲಸಿಕೆಗೆ ಅವನ್ನೇ ಬಳಸುತ್ತಾರೆ. ಮೂರನೆಯದು, ಬಳಸಿದ ಸೂಜಿ ಎಲ್ಲಿಗೆ ಹೋಯಿತೆಂದು ನೋಡುವುದು. 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿ ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೂ, ಪ್ಲಾಸ್ಟಿಕ್ ಸಿರಿಂಜು ಕೆಂಪು ಚೀಲಕ್ಕೂ ಹೋಗಬೇಕು. ತಿಪ್ಪೆಗೆ ಬಿದ್ದರೆ ಅದು ಆಡುವ ಮಕ್ಕಳ ಕೈಗೆ, ಚಿಂದಿ ಆಯುವವರ ಕಾಲಿಗೆ ಸಿಗುತ್ತದೆ. ನಾಲ್ಕನೆಯದು ಹೆಪಟೈಟಿಸ್ ಬಿ ಲಸಿಕೆ. ಒಂದು ಕಾಲಕ್ಕೆ ಹೊರದೇಶದಿಂದ ಬರುತ್ತಿದ್ದ, ಬಡವರ ಕೈಗೆಟುಕದ ಈ ಲಸಿಕೆಯನ್ನು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅಗ್ಗದ ಬೆಲೆಗೆ ತಯಾರಿಸಿತು. 2011ರ ಹೊತ್ತಿಗೆ ಅದು ದೇಶದ ಎಲ್ಲ ಕೂಸುಗಳಿಗೂ ಸರ್ಕಾರದಿಂದ ಉಚಿತವಾಗಿ ಸಿಗುವಂತಾಯಿತು. ಪೆನಿಸಿಲಿನ್ ತಯಾರಾದದ್ದು ಹೆದ್ದಾರಿಯ ಪುಣೆಯ ತುದಿಯಲ್ಲಾದರೆ, ಈ ಲಸಿಕೆ ತಯಾರಾದದ್ದು ಹೈದರಾಬಾದಿನ ತುದಿಯಲ್ಲಿ. ಹುಟ್ಟಿದ 24 ತಾಸಿನೊಳಗೆ ಮೊದಲ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದ್ದರೂ ಬಹುಮಟ್ಟಿಗೆ ಕೂಸನ್ನು ಉಳಿಸುವುದು ಆ ಒಂದು ಚುಚ್ಚು. ಎಲ್ಲ ಸೂಜಿಯೂ ಬೇಡವೆಂಬುದು ಈ ಮಾತಿನ ಅರ್ಥವಲ್ಲ. ಈ ಸೂಜಿ ಬೇಕು, ಹೊಸದಾಗಿಯೇ ಬೇಕು.

ಐದನೆಯದು ಎಲ್ಲಕ್ಕಿಂತ ಕಠಿಣ. ಸೋಂಕು ತಗಲಿದವರನ್ನು, ಚಟಕ್ಕೆ ಬಿದ್ದವರನ್ನು ಊರು ಮರೆಮಾಡಬಾರದು, ಅವರೂ ಮರೆಯಾಗಬಾರದು. ಜೊತೆಗೆ ಉಂಡರೆ, ಕೈ ಹಿಡಿದರೆ, ಒಂದೇ ಬಾವಿಯ ನೀರು ಸೇದಿದರೆ ಈ ಮೂರರಲ್ಲಿ ಯಾವ ರೋಗವೂ ಬರುವುದಿಲ್ಲ. ಎಚ್‌ಐವಿಗೆ 2004ರಿಂದ, ಹೆಪಟೈಟಿಸ್‌ಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತ ಔಷಧವಿದೆ. ಎಚ್‌ಐವಿ ಬಗ್ಗೆ ಹೆಸರು ಹೇಳದೆ ಕೇಳಲು 1097 ಎಂಬ ಉಚಿತ ದೂರವಾಣಿಯಿದೆ. ನಾಚಿಕೆಯಿಂದ ಅಡಗಿದವನ ಕೈಯಲ್ಲಿಯೇ ಹಳೆಯ ಸೂಜಿ ಉಳಿಯುತ್ತದೆ ಎಂಬುದು ಎಡಿನ್‌ಬರೋ ಕಲಿತ, ಮಣಿಪುರ ಕಲಿತ ಪಾಠ.

ಚಟ ತಪ್ಪೋ ಸರಿಯೋ, ಸೂಜಿಯ ಮೋಹ ಜಾಣತನವೋ ದಡ್ಡತನವೋ ಎಂಬ ವಾದ ಮುಗಿಯುವವರೆಗೆ ವೈರಾಣು ಕಾಯುವುದಿಲ್ಲ. ಒಂದು ಮೈಗೆ ಚುಚ್ಚಿದ ಸೂಜಿ ಇನ್ನೊಂದು ಮೈಗೆ ಹೋಗಕೂಡದು. ಚಟಗಾರನಿಗೆ ಹೊಸ ಸೂಜಿ ಕೊಡುವವರೂ, ಡಾಕ್ಟರರೆದುರು ಹೊಸ ಪಾಕೀಟು ಒಡೆಸುವವರೂ ಮಾಡುತ್ತಿರುವುದು ಅದೇ ಒಂದು ಕೆಲಸವನ್ನು.